ಬೈಬಲಿನ ಅರ್ಥ ಯಾರ ಕೈಯಲ್ಲಿದೆ?

(ಸಂಘದ ಸಾಹಿತ್ಯಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಊರಿನಲ್ಲಿ ನೆಲಸಿರುವ ಕನ್ನಡಿಗರಲ್ಲಿ ನನ್ನಂಥ ಕಥೋಲಿಕ ಕ್ರೈಸ್ತರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಯುಗಾದಿಯ ಊಟದ ಪಂಕ್ತಿಯಲ್ಲಿಯೋ ರಾಜ್ಯೋತ್ಸವದ ಸಂಜೆಯಲ್ಲಿಯೋ ಪಕ್ಕದಲ್ಲಿ ಕುಳಿತ ಮಿತ್ರರು ಕ್ರೈಸ್ತಮತದ ಬಗೆಗಿನ ತಮ್ಮ ಸಂದೇಹಗಳನ್ನೆಲ್ಲ ನನ್ನೊಬ್ಬನ ಮುಂದೆಯೇ ಇಡುವುದು ವಾಡಿಕೆಯಾಗಿದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದು: 'ನಿಮ್ಮವರು ಬೈಬಲನ್ನು ತಾವಾಗಿಯೇ ಓದಿ ಅರ್ಥ ಮಾಡಿಕೊಳ್ಳುವಂತಿಲ್ಲವಂತೆ, ಪಾದ್ರಿಗಳು ಹೇಳಿದ್ದೇ ಅರ್ಥವಂತೆ, ನಿಜವೆ?' ಇದಕ್ಕೆ ಹೌದೆಂದರೂ ಅರ್ಧ ಸುಳ್ಳಾಗುತ್ತದೆ, ಅಲ್ಲವೆಂದರೂ ಅರ್ಧ ಸುಳ್ಳಾಗುತ್ತದೆ. ಈ ಸಲ ನಾನು ಮಾತನಾಡಬೇಕೆಂದು ಸಮಿತಿಯವರು ಹೇಳಿದಾಗ ಇದೇ ವಿಷಯವನ್ನು ಆರಿಸಿಕೊಂಡೆ. ಅದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಪ್ರಶ್ನೆಯ ಮೇಲೆ ನಮ್ಮ ದೇಶದಲ್ಲಿ ನಡೆದ ಹಳೆಯ ದೊಡ್ಡ ಜಗಳವೊಂದರ ಒಂದು ತುದಿ ಮೈಸೂರು ಸೀಮೆಯಲ್ಲಿದ್ದರೆ ಇನ್ನೊಂದು ತುದಿ ನಾವು ಬಾಳುತ್ತಿರುವ ಈ ಹೂಗ್ಲಿ ತೀರದಲ್ಲಿಯೇ ಇದೆ.

ಶಾಸ್ತ್ರದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಗ್ರಂಥವೊಂದೇ ಪ್ರಮಾಣವೆಂದು ಸಾರಿದಾಗ ರೋಮಿನ ಧರ್ಮಸಭೆ ಟ್ರೆಂಟ್ ಮಹಾಸಭೆಯಲ್ಲಿ, 1546ರಲ್ಲಿ, ಅದಕ್ಕೆ ಉತ್ತರ ಕೊಟ್ಟಿತು. ಧರ್ಮಸಭೆ ಹಿಡಿದಿರುವ ಅರ್ಥಕ್ಕೆ ಹಾಗೂ ಪ್ರಾಚೀನ ಆಚಾರ್ಯರ ಒಮ್ಮತಕ್ಕೆ ವಿರುದ್ಧವಾಗಿ, ತನ್ನ ಬುದ್ಧಿಯೊಂದನ್ನೇ ನೆಚ್ಚಿಕೊಂಡು, ಯಾರೂ ಗ್ರಂಥಕ್ಕೆ ಅರ್ಥ ಹಚ್ಚಬಾರದೆಂಬುದು ಅದರ ಸಾರ. 1564ರಲ್ಲಿ ಹೊರಟ ನಿಯಮಗಳು ದೇಶಭಾಷೆಯ ಬೈಬಲನ್ನು ಓದುವವನು ಅನುಮತಿ ಪಡೆದಿರಬೇಕೆಂದವು. 1757ರಲ್ಲಿ ಇದು ಸ್ವಲ್ಪ ಸಡಿಲವಾಯಿತು. ಒಪ್ಪಿಗೆ ಪಡೆದ, ಟಿಪ್ಪಣಿಗಳಿರುವ ಅನುವಾದವನ್ನು ಓದಬಹುದೆಂದಾಯಿತು. ಆದರೆ ಪ್ರಾಟೆಸ್ಟಂಟರ ಬೈಬಲ್ ಸೊಸೈಟಿಗಳು ಟಿಪ್ಪಣಿಯಿಲ್ಲದ ಬರಿಯ ಗ್ರಂಥವನ್ನು ಲಕ್ಷಗಟ್ಟಲೆ ಹಂಚತೊಡಗಿದಾಗ 1816, 1824, 1844ರಲ್ಲಿ ಒಬ್ಬರಾದ ಮೇಲೊಬ್ಬ ಪೋಪರು ಅವುಗಳ ವಿರುದ್ಧ ಎಚ್ಚರಿಕೆ ಕೊಟ್ಟರು. ಅಂದರೆ ಓದಲೇಬಾರದೆಂಬ ನಿಷೇಧಕ್ಕಿಂತ ಹೆಚ್ಚಾಗಿ ಭಾಷ್ಯವಿಲ್ಲದೆ ಓದಬಾರದೆಂಬ ನಿರ್ಬಂಧ ಇದು. ಭಾಷ್ಯವಿಲ್ಲದೆ ಸೂತ್ರವನ್ನು ಮುಟ್ಟದ ನಮ್ಮ ಮಠಗಳ ಪಾಠಕ್ರಮವನ್ನು ಬಲ್ಲ ನಿಮಗೆ ಇದು ತೀರ ವಿಚಿತ್ರವೆನಿಸಲಾರದು.

ಧರ್ಮಸಭೆಯ ವಾದದಲ್ಲಿ ಒಂದು ಅಂಶ ಬಲವಾದದ್ದು. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳು, ನಮ್ಮದರಲ್ಲಿ 73. ಯಾವುದು ಒಳಗೆ, ಯಾವುದು ಹೊರಗೆ ಎಂದು ಗ್ರಂಥ ತಾನಾಗಿ ಹೇಳುವುದಿಲ್ಲ. ಒಂದು ಸಮುದಾಯ ಕೂತು ನಿರ್ಧರಿಸಿತು. ಗ್ರಂಥಕ್ಕಿಂತ ಮೊದಲು ಗ್ರಂಥವನ್ನು ಗುರುತಿಸಿದ ಸಭೆ ಇತ್ತು. ಇದನ್ನು ಅಲ್ಲಗಳೆಯುವುದು ಸುಲಭವಲ್ಲ.

ಆದರೆ ವಾದದ ಬಲ ಬೇರೆ, ಅದು ಮನೆಯೊಳಗೆ ಬಂದು ಕೂರುವ ರೀತಿ ಬೇರೆ. ನಾನು ಹಾಸನ ಸೀಮೆಯವನು. ನಮ್ಮ ಮನೆಯಲ್ಲಿ ಜ್ಞಾನೋಪದೇಶದ ಪುಸ್ತಕವಿತ್ತು, ಪ್ರಾರ್ಥನೆಯ ಪುಸ್ತಕವಿತ್ತು, ಆಳಿಗೊಂದು ಜಪಸರವಿತ್ತು, ಬೈಬಲ್ ಇರಲಿಲ್ಲ. ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಕಡೆಗೆ ಮುಖಮಾಡಿ ಮಂತ್ರ ಹೇಳುತ್ತಿದ್ದರೆ ನಮ್ಮವ್ವ ಹಿಂದೆ ಮಂಡಿಯೂರಿ ತನ್ನ ಪಾಡಿಗೆ ಜಪಸರ ಎಣಿಸುತ್ತಿದ್ದಳು. ಒಂದು ಸಲ ನಮ್ಮಪ್ಪ ಜಾತ್ರೆಯಲ್ಲಿ ಮಾರುತ್ತಿದ್ದ ಪ್ರಾಟೆಸ್ಟಂಟರ 'ಸತ್ಯವೇದ'ವನ್ನು ಕೆಲವು ಆಣೆ ಕೊಟ್ಟು ತಂದಿದ್ದ. ಸುದ್ದಿ ತಿಳಿದ ಅಂದಿನ ಗುರುಗಳು ಅದನ್ನು ತರಿಸಿಕೊಂಡು, ಬದಲಿಗೆ ಸಂತರ ಚರಿತ್ರೆಯ ಪುಸ್ತಕವೊಂದನ್ನು ಕೊಟ್ಟು ಕಳುಹಿಸಿದರು. ಅಪ್ಪ ಎದುರಾಡಲಿಲ್ಲ. ಓದು ಬಲ್ಲ ರೈತನೊಬ್ಬ ತಾನು ದುಡ್ಡು ಕೊಟ್ಟು ತಂದ ಪುಸ್ತಕವನ್ನು ಹೀಗೆ ಒಪ್ಪಿಸಿ ಬರುವಾಗ ಅವನ ಮನಸ್ಸಿನಲ್ಲಿ ಏನಿತ್ತೆಂದು ನಾನು ಅವನನ್ನು ಕೇಳಲೇ ಇಲ್ಲ.

ನಮ್ಮ ಸೀಮೆಯ ಹಳೆಯ ಕಥೋಲಿಕ ನೆಲೆಗಳಲ್ಲೊಂದಾದ ಸಾತಳ್ಳಿಯೊಂದಿಗೆ ಸೇರಿಕೊಂಡಿರುವ ಹೆಸರು ಅಬ್ಬೆ ದುಬುವಾ ಅವರದು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಭಾರತಕ್ಕೆ ಹೊರಟ ಈ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರು ಸೀಮೆಗೆ ಬಂದು, ಚೆದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಿದರು. ಮುಂಡಾಸು, ನಿಲುವಂಗಿ ತೊಟ್ಟು ಇಲ್ಲಿನವರಂತೆ ಬದುಕಿದರು. ಸಿಡುಬಿನ ವಿರುದ್ಧ ದೇವಿ ಹಾಕುವ ಪದ್ಧತಿಯನ್ನು ಹಳ್ಳಿಗಳಿಗೆ ಒಯ್ದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ 1816ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಅವರ ಪುಸ್ತಕವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. (ಅದರ ಬಹುಭಾಗ ಕೂರ್ದು ಎಂಬ ಹಿಂದಿನ ಜೆಸ್ವಿಟರ ಬರಹದಿಂದ ಬಂದದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಅಧಿಕೃತತೆಯ ಬಗ್ಗೆ ಮಾತನಾಡುವಾಗ ಇದನ್ನೂ ನೆನಪಿನಲ್ಲಿಡುವುದು ಒಳ್ಳೆಯದು.)

ನಮಗೆ ಇಂದು ಮುಖ್ಯವಾದದ್ದು ಅವರ ಇನ್ನೊಂದು ಪುಸ್ತಕ. 1823ರಲ್ಲಿ ಭಾರತವನ್ನು ಬಿಟ್ಟು ಹೋದ ವರ್ಷವೇ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂಬುದು ಅದರ ತೀರ್ಮಾನ. ಬೈಬಲನ್ನು ದೇಶಭಾಷೆಗಳಿಗೆ ತಂದು ಹಂಚುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂಬುದು ಅದರ ಮುಖ್ಯ ವಾದಗಳಲ್ಲೊಂದು. ದುಬುವಾ ಅವರ ಗುರಿ ಯಾರೆಂಬುದು ಸ್ಪಷ್ಟ. ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋಗಿಬರಬಹುದಾದ ಶ್ರೀರಾಂಪುರದಲ್ಲಿ, ಆಗ ಡೇನರ ಆಳ್ವಿಕೆಯಲ್ಲಿದ್ದ ಆ ಪುಟ್ಟ ಊರಿನಲ್ಲಿ, ವಿಲಿಯಂ ಕೇರಿ ಮತ್ತು ಅವರ ಬ್ಯಾಪ್ಟಿಸ್ಟ್ ಸಂಗಡಿಗರು 1800ರಿಂದ ಅಚ್ಚುಕೂಟ ಹಾಕಿಕೊಂಡು ಹತ್ತಾರು ಭಾಷೆಗಳಿಗೆ ಬೈಬಲನ್ನು ತರುತ್ತಿದ್ದರು. ಅವುಗಳಲ್ಲಿ ಕನ್ನಡವೂ ಇತ್ತು. ಕನ್ನಡ ನಾಡನ್ನು ಕಣ್ಣಿನಿಂದ ಕಾಣದ ಕೇರಿ ಪಂಡಿತರ ನೆರವಿನಿಂದ ಕನ್ನಡ ಕಲಿತು ಹೊಸ ಒಡಂಬಡಿಕೆಯ ಅನುವಾದಕ್ಕೆ ಕೈಹಾಕಿದರು. 1812ರ ಮಾರ್ಚ್ 11ರಂದು ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಈ ಕನ್ನಡ ಅನುವಾದವೂ ಸೇರಿತ್ತು. ಮೊದಲಿನಿಂದ ಮತ್ತೆ ಆರಂಭಿಸಿದರು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಯಿತು, 1820ರ ದಶಕದಲ್ಲಿ ಹೊಸ ಒಡಂಬಡಿಕೆ ಹೊರಬಂತು. ಅತ್ತ ಬಳ್ಳಾರಿಯಲ್ಲಿ 1810ರಿಂದ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೇರೆಯಾಗಿಯೇ ಅನುವಾದ ನಡೆಸಿ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಕನ್ನಡ ಗದ್ಯದ ಚರಿತ್ರೆಯಲ್ಲಿ ಇದರ ಸ್ಥಾನವೇನೆಂಬುದು ಬೇರೊಂದು ಭಾಷಣದ ವಿಷಯ.

ದುಬುವಾ ಇಂಥ ಅನುವಾದಗಳನ್ನು ನೋಡಿ ಕೆಂಡವಾದರು. ಪುರಾಣಗಳನ್ನು ಸೊಗಸಾದ ಪದ್ಯದಲ್ಲಿ ಕೇಳಿ ಬೆಳೆದ ಜನಕ್ಕೆ ಈ ಒರಟು ಗದ್ಯ ನಗೆಗೀಡಾಗುತ್ತದೆಂದರು. ಈ ಮಾತನ್ನು ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿದ ಯಾವ ಕನ್ನಡಿಗನೂ ಅಷ್ಟು ಸುಲಭವಾಗಿ ತಳ್ಳಿಹಾಕಲಾರ. ಅವರ ಇನ್ನೊಂದು ನಿದರ್ಶನ ಇನ್ನೂ ಸ್ವಾರಸ್ಯವಾದದ್ದು. ದುಂದುಗಾರ ಮಗನ ಕಥೆ ನಿಮಗೆ ಗೊತ್ತಿರಬಹುದು. ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲವನ್ನೂ ಕಳೆದುಕೊಂಡು ಮಗ ಹಿಂದಿರುಗಿದಾಗ ತಂದೆ ಸಂತೋಷದಿಂದ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸುತ್ತಾನೆ. ಈ ಕಥೆಯನ್ನು ತಮ್ಮ ಕ್ರೈಸ್ತರಿಗೆ ವಿವರಿಸಿದ ದಿನ, ಉಪದೇಶ ಮುಗಿದಮೇಲೆ ಕೆಲವರು ತಮ್ಮ ಬಳಿಗೆ ಬಂದು, ಸ್ವಾಮಿ, ಕರುವಿನ ಮಾತು ಎತ್ತಬಾರದಿತ್ತು, ಹೊರಗಿನವರು ಕೇಳಿದ್ದರೆ ಏನೆಂದುಕೊಳ್ಳುತ್ತಿದ್ದರು, ಇನ್ನೊಮ್ಮೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿ ಎಂದು ಸಲಹೆ ಕೊಟ್ಟರೆಂದು ದುಬುವಾ ಬರೆಯುತ್ತಾರೆ. ತಮ್ಮವರೇ ಹೀಗೆಂದ ಮೇಲೆ ಈ ಗ್ರಂಥವನ್ನು ಹಿಂದೂಗಳ ಕೈಗೆ ಹಾಗೆಯೇ ಕೊಡುವುದೆ ಎಂಬುದು ಅವರ ವಾದ.

ಈ ಪ್ರಸಂಗವನ್ನು ನಾನು ಹಲವು ಸಲ ಓದಿದ್ದೇನೆ. ದುಬುವಾ ಅದರಿಂದ ತೆಗೆದ ತೀರ್ಮಾನ ನನಗೆ ಒಪ್ಪಿಗೆಯಾಗುವುದಿಲ್ಲ. ಆ ಕೂಟದಲ್ಲಿ ಆದದ್ದೇನು? ಬೈಬಲನ್ನು ಕೈಯಲ್ಲಿ ಹಿಡಿದಿರದ, ಬಹುಶಃ ಓದಲೂ ಬಾರದ ಜನ ಒಂದು ಕಥೆಯನ್ನು ಕೇಳಿದರು. ಅದರ ತಿರುಳು ತಂದೆಯ ಕ್ಷಮೆ, ಕರುವಲ್ಲ ಎಂಬುದನ್ನು ಅವರು ಕೂಡಲೇ ಗ್ರಹಿಸಿದರು. ಹಾಗೆ ಗ್ರಹಿಸಿದ್ದರಿಂದಲೇ ಕರುವಿನ ಜಾಗದಲ್ಲಿ ಕುರಿಮರಿಯನ್ನು ಇಡಬಹುದೆಂದು ಹೇಳುವ ಧೈರ್ಯ ಅವರಿಗೆ ಬಂತು. ಇದು ವ್ಯಾಖ್ಯಾನವಲ್ಲದೆ ಮತ್ತೇನು? ಗುರುಪೀಠದಲ್ಲಿ ಕೂತವರನ್ನು ಶ್ರಾವಕರು ತಿದ್ದಿದರು. ಗುರುಗಳು ಆ ತಿದ್ದುಪಡಿಯನ್ನು ಕೇಳಿಸಿಕೊಂಡರು, ಬರೆದೂ ಇಟ್ಟರು. ಆದರೆ ಇವರು ಅರ್ಥ ಮಾಡಬಲ್ಲವರು ಎಂಬುದಕ್ಕೆ ಸಾಕ್ಷಿಯಾಗಬೇಕಾದ ಪ್ರಸಂಗವನ್ನು ಇವರಿಗೆ ಗ್ರಂಥ ಕೊಡಬಾರದು ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದರು. ನಮ್ಮವ್ವನಿಗೂ ಈ ಕಥೆ ಗೊತ್ತಿತ್ತು. ಮನೆಯಲ್ಲೇ ಉಳಿದು ಮುನಿಸಿಕೊಂಡ ಹಿರಿಯ ಮಗನನ್ನು ಗುರುಗಳು ಡಂಭಾಚಾರಿಗಳಿಗೆ ಹೋಲಿಸಿ ಬೈದ ಭಾನುವಾರ ಅವಳು ಮನೆಗೆ ಬಂದು, 'ಅಷ್ಟು ವರ್ಷ ಹೊಲ ಉತ್ತವನು ಅವನಲ್ಲವ? ಅವನ ಹೊಟ್ಟೆಯುರಿ ಆ ತಂದೆಗೆ ಗೊತ್ತಿತ್ತು, ಅದಕ್ಕೇ ಹೊರಗೆ ಬಂದು ಅವನನ್ನೂ ಕರೆದ' ಎಂದಿದ್ದಳು. ದೊಡ್ಡ ದೊಡ್ಡ ಪಂಡಿತರು ಈ ಅರ್ಥವನ್ನೇ ಹೇಳಿದ್ದಾರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ದುಬುವಾ ಅವರಿಗೆ 1824ರಲ್ಲಿಯೇ ಎರಡು ದೊಡ್ಡ ಉತ್ತರಗಳು ಬಂದವು. ಒಂದು ಮದ್ರಾಸ್ ಕಡೆಯ ಪಾದ್ರಿ ಜೇಮ್ಸ್ ಹೌ ಅವರದು. ಇನ್ನೊಂದು ಇದೇ ಕಲ್ಕತ್ತೆಯಲ್ಲಿ ಲಂಡನ್ ಮಿಷನ್ನಿನ ಕೆಲಸ ಮಾಡಿದ್ದ ಹೆನ್ರಿ ಟೌನ್ಲಿ ಅವರದು. ಗ್ರಂಥ ತನ್ನ ಬಲದಿಂದಲೇ ಓದುಗನ ಹೃದಯವನ್ನು ಮುಟ್ಟುತ್ತದೆ, ನಡುವೆ ಪಾದ್ರಿಯ ಅನುಮತಿ ಬೇಡ ಎಂಬುದು ಅವರ ಪಕ್ಷದ ನಂಬಿಕೆ. ಕೇಳಲು ಎಷ್ಟು ಮುಕ್ತವಾದ ಮಾತು! ಆದರೆ ಆ ಮುಕ್ತತೆಗೆ ಎಷ್ಟು ದೂರ ಹಗ್ಗ ಬಿಟ್ಟಿದ್ದರೆಂಬುದನ್ನು ಕಲ್ಕತ್ತೆ ಅದಾಗಲೇ ಕಂಡಿತ್ತು.

1820ರಲ್ಲಿ ರಾಜಾ ರಾಮಮೋಹನ ರಾಯರು ನಾಲ್ಕು ಸುವಾರ್ತೆಗಳಿಂದ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆರಿಸಿ, ಪವಾಡಗಳನ್ನೂ ಸಿದ್ಧಾಂತದ ಭಾಗಗಳನ್ನೂ ಬಿಟ್ಟು, ಒಂದು ಪುಸ್ತಕವಾಗಿ ಪ್ರಕಟಿಸಿದರು. ಗ್ರಂಥವನ್ನು ತಾನೇ ಓದಿ ತಾನೇ ಅರ್ಥಮಾಡಿಕೊಂಡ ಸ್ವತಂತ್ರ ಓದುಗನೊಬ್ಬ ನಿಜವಾಗಿಯೂ ಎದುರಿಗೆ ಬಂದು ನಿಂತಾಗ ಶ್ರೀರಾಂಪುರದವರು ಸಂತೋಷಪಡಲಿಲ್ಲ. ಅವರ ಪತ್ರಿಕೆಯಲ್ಲಿ ಖಂಡನೆ ಬಂತು, ರಾಯರನ್ನು ಅನ್ಯಧರ್ಮೀಯನೆಂದು ಕರೆದದ್ದು ಅವರನ್ನು ನೋಯಿಸಿತು. ಜೋಶುವಾ ಮಾರ್ಷ್‌ಮನ್ ಅವರೊಂದಿಗೆ ಮೂರು ವರ್ಷ ವಾಗ್ವಾದ ನಡೆಯಿತು. ರಾಯರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ ಮೂಲದಿಂದಲೇ ಉತ್ತರ ಕೊಟ್ಟರು. 1823ರಲ್ಲಿ ಅವರ ಮೂರನೆಯ ಉತ್ತರವನ್ನು ಅಚ್ಚು ಹಾಕಲು ಕಲ್ಕತ್ತೆಯ ಬ್ಯಾಪ್ಟಿಸ್ಟ್ ಅಚ್ಚುಕೂಟ ಒಪ್ಪಲಿಲ್ಲ. ರಾಯರು ತಮ್ಮದೇ ಅಚ್ಚುಕೂಟವನ್ನು ಮಾಡಿಕೊಳ್ಳಬೇಕಾಯಿತು. ಪೋಪರ ಬಳಿ ನಿಷಿದ್ಧ ಗ್ರಂಥಗಳ ಪಟ್ಟಿಯಿತ್ತು, ಇವರ ಬಳಿ ಮುದ್ರಣಯಂತ್ರವಿತ್ತು. ವ್ಯತ್ಯಾಸ ಇಲ್ಲವೆಂದಲ್ಲ. ಪಟ್ಟಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ, ಹಣವಿದ್ದವನು ಇನ್ನೊಂದು ಯಂತ್ರ ಕೊಳ್ಳಬಹುದು.

ಇದೇ ಕಾಲದ ಇನ್ನೊಂದು ಘಟನೆಯನ್ನು ಭಾಷೆಯನ್ನು ಪ್ರೀತಿಸುವ ನಮ್ಮಂಥವರು ತಿಳಿದಿರಬೇಕು. ರಾಯರು, ವಿಲಿಯಂ ಆಡಂ, ವಿಲಿಯಂ ಯೇಟ್ಸ್ ಎಂಬಿಬ್ಬರು ಬ್ಯಾಪ್ಟಿಸ್ಟ್ ಪಾದ್ರಿಗಳೊಂದಿಗೆ ಕೂತು ಸುವಾರ್ತೆಗಳನ್ನು ಬಂಗಾಳಿಗೆ ಪರಿಷ್ಕರಿಸಿ ತರುತ್ತಿದ್ದರು. ಯೋಹಾನನ ಮೊದಲ ಅಧ್ಯಾಯದ ಮೂರನೆಯ ವಾಕ್ಯದಲ್ಲಿ, ಜಗತ್ತೆಲ್ಲ ದೇವರ ವಾಕ್ಯದಿಂದ ಉಂಟಾಯಿತೆಂಬ ಕಡೆ, 'ದಿಯಾ' ಎಂಬ ಗ್ರೀಕ್ ಪದ ಅವರನ್ನು ತಡೆದು ನಿಲ್ಲಿಸಿತು. ಅದಕ್ಕೆ 'ಮೂಲಕ' ಎಂದು ಅರ್ಥ ಮಾಡಿದರೆ ವಾಕ್ಯವೆಂಬುದು ದೇವರ ಕೈಯಲ್ಲಿನ ಸಾಧನವಾಗುತ್ತದೆ; ಕರ್ತೃವೆಂಬ ಅರ್ಥ ಬರುವಂತೆ ಹೇಳಿದರೆ ವಾಕ್ಯವೇ ದೇವರಾಗುತ್ತದೆ. ಯೇಟ್ಸ್ ಇದರಲ್ಲಿ ಪಾಷಂಡವಾದದ ವಾಸನೆ ಹಿಡಿದು ಹಿಂದೆ ಸರಿದರು. ಆಡಂ ಮಾತ್ರ ಯೋಚಿಸುತ್ತ ಯೋಚಿಸುತ್ತ 1821ರಲ್ಲಿ ತ್ರಿತ್ವವನ್ನೇ ಬಿಟ್ಟು ಏಕದೇವವಾದಿಯಾದರು. ರಾಯರನ್ನು ಕ್ರೈಸ್ತರನ್ನಾಗಿ ಮಾಡಬಂದ ಪಾದ್ರಿಯನ್ನು ಒಂದು ಉಪಸರ್ಗ ಆಚೆ ದಡಕ್ಕೆ ಸೇರಿಸಿತು.

ನಮ್ಮ ಭಾಷೆಯಲ್ಲಾದರೆ ಈ ಜಗಳ ಹುಟ್ಟುತ್ತಿತ್ತೆ ಎಂದು ನಾನು ಯೋಚಿಸಿದ್ದುಂಟು. ರಾವಣ ರಾಮನಿಂದ ಹತನಾದ ಎನ್ನುತ್ತೇವೆ, ಬಾಣದಿಂದ ಹತನಾದ ಎಂದೂ ಎನ್ನುತ್ತೇವೆ; ಮರದಿಂದ ಹಣ್ಣು ಬಿತ್ತು ಎನ್ನುವಾಗಲೂ ಅದೇ 'ಇಂದ'. ಮಾಡಿದವನು, ಸಾಧನ, ಹೊರಟ ಜಾಗ, ಮೂರಕ್ಕೂ ಒಂದೇ ಪ್ರತ್ಯಯ. ಕನ್ನಡದಲ್ಲಿ 'ವಾಕ್ಯದಿಂದ' ಎಂದರೆ ಯೇಟ್ಸ್ ಅವರಿಗೂ ಆಡಂ ಅವರಿಗೂ ಒಟ್ಟಿಗೆ ಜಾಗವಿದೆ. 'ವಾಕ್ಯದ ಮೂಲಕ' ಎಂದು ಬರೆದ ಕ್ಷಣ ಅನುವಾದಕ ಒಂದು ಪಕ್ಷ ಹಿಡಿದಂತಾಗುತ್ತದೆ. ಟಿಪ್ಪಣಿಯಿಲ್ಲದ ಬರಿಯ ಗ್ರಂಥ ಎಂಬುದೊಂದು ಇದೆಯೆಂದು ಪ್ರಾಟೆಸ್ಟಂಟರು ನಂಬಿದ್ದರು, ಕಥೋಲಿಕರು ಹೆದರಿದ್ದರು. ಇಬ್ಬರೂ ವಿಭಕ್ತಿಪ್ರತ್ಯಯವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ 1830ರ ದಶಕದಲ್ಲಿ ಬಂಗಾಳಿ ಅನುವಾದದಲ್ಲಿ ದೀಕ್ಷಾಸ್ನಾನಕ್ಕೆ 'ಮುಳುಗಿಸು' ಎಂಬರ್ಥದ ಪದವನ್ನು ಬ್ಯಾಪ್ಟಿಸ್ಟರು ಬಳಸಿದ್ದಕ್ಕೆ ಬೈಬಲ್ ಸೊಸೈಟಿಯೇ ತನ್ನ ಧನಸಹಾಯವನ್ನು ನಿಲ್ಲಿಸಿತು. ಅಲ್ಲಿಯೂ ಒಂದು ಪೀಠವಿತ್ತು, ಅದರ ಹೆಸರು ಬೇರೆ, ಅಷ್ಟೆ.

ಹೀಗೆಂದು ನಮ್ಮ ಧರ್ಮಸಭೆಯನ್ನು ನಾನು ಬಿಡುಗಡೆ ಮಾಡುತ್ತಿಲ್ಲ. ಅದರ ಅತಿ ನೋವಿನ ಪ್ರಕರಣವೂ ಈ ಊರಿನದೇ. ಭವಾನೀಚರಣ ಬಂದ್ಯೋಪಾಧ್ಯಾಯ 1861ರಲ್ಲಿ ಹೂಗ್ಲಿ ಜಿಲ್ಲೆಯಲ್ಲಿ ಹುಟ್ಟಿದವರು. ವಿವೇಕಾನಂದರ ಸಮಕಾಲೀನರು, ಅವರಂತೆಯೇ ಬ್ರಹ್ಮಸಮಾಜದಲ್ಲಿ ಓಡಾಡಿದವರು. 1891ರಲ್ಲಿ ದೀಕ್ಷಾಸ್ನಾನ ಪಡೆದು ಕಥೋಲಿಕರಾದರು. ಕಾವಿಯುಟ್ಟು ಬ್ರಹ್ಮಬಾಂಧವ ಉಪಾಧ್ಯಾಯರಾದರು. ಸಾಮಾಜಿಕವಾಗಿ ತಾವು ಹಿಂದೂ, ಸಾಧನೆಯಲ್ಲಿ ಕಥೋಲಿಕ ಎಂಬುದು ಅವರ ನಿಲುವು. ತ್ರಿತ್ವವನ್ನು ಸತ್, ಚಿತ್, ಆನಂದ ಎಂಬ ಮಾತುಗಳಲ್ಲಿ ಧ್ಯಾನಿಸಿ 1898ರಲ್ಲಿ ಸಂಸ್ಕೃತದಲ್ಲಿ ಸಚ್ಚಿದಾನಂದ ಸ್ತೋತ್ರವನ್ನು ರಚಿಸಿದರು. ಗಮನಿಸಿ, ಅವರು ರಾಮಮೋಹನರಂತೆ ಏನನ್ನೂ ಕತ್ತರಿಸಲಿಲ್ಲ. ಧರ್ಮಸಭೆಯ ಸಿದ್ಧಾಂತವೆಲ್ಲ ಅವರಿಗೆ ಒಪ್ಪಿಗೆಯಾಗಿತ್ತು. ಅದನ್ನು ತಮ್ಮ ನಾಡಿನ ಮಾತಿನಲ್ಲಿ ಅರ್ಥಮಾಡಿಕೊಳ್ಳಲು ಅನುಮತಿ ಕೇಳಿದರು, ಅಷ್ಟೆ. ಜಬಲ್ಪುರದಲ್ಲಿ ಕಥೋಲಿಕ ಮಠವೊಂದನ್ನು ಕಟ್ಟಹೊರಟಾಗ ರೋಮಿನ ಪ್ರತಿನಿಧಿ ಜಲೆಸ್ಕಿ ಅಡ್ಡಬಂದರು. 1900ರಲ್ಲಿ ಕಲ್ಕತ್ತೆಯಿಂದ ಹೊರಡುತ್ತಿದ್ದ ಅವರ 'ಸೋಫಿಯಾ' ಪತ್ರಿಕೆಯನ್ನು ಕಥೋಲಿಕರು ಓದಬಾರದೆಂಬ ಆಜ್ಞೆ ಬಂತು. ಮುಂದಿನ ವರ್ಷ ಅವರು ನಡೆಸಿದ ಇನ್ನೊಂದು ಪತ್ರಿಕೆಗೂ ಅದೇ ಗತಿಯಾಯಿತು. ಆಮೇಲೆ ಅವರು ಶಾಂತಿನಿಕೇತನದ ಶಾಲೆಯ ಆರಂಭದಲ್ಲಿ ರವೀಂದ್ರರಿಗೆ ನೆರವಾದರು, 'ಸಂಧ್ಯಾ' ಪತ್ರಿಕೆಯಿಂದ ಬ್ರಿಟಿಷರ ಮೇಲೆ ಕಿಡಿಕಾರಿದರು, ರಾಜದ್ರೋಹದ ಆರೋಪಿಯಾಗಿದ್ದಾಗಲೇ 1907ರ ಅಕ್ಟೋಬರ್ 27ರಂದು ಕ್ಯಾಂಬೆಲ್ ಆಸ್ಪತ್ರೆಯಲ್ಲಿ, ಅಂದರೆ ಈಗಿನ ನೀಲರತನ ಸರ್ಕಾರ್ ಆಸ್ಪತ್ರೆಯಲ್ಲಿ, ತೀರಿಕೊಂಡರು. ದಹನ ಹಿಂದೂ ವಿಧಿಯಂತೆ ನಡೆಯಿತು.

ಸಿಯಾಲ್ದಾದ ಬಳಿಯ ಆ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಂದು ಅವರ ಸಚ್ಚಿದಾನಂದ ಸ್ತೋತ್ರವನ್ನು ನಮ್ಮ ದೇವಾಲಯಗಳಲ್ಲಿ ಹಾಡುತ್ತಾರೆ. ಹಾಡುವ ಎಷ್ಟೋ ಜನಕ್ಕೆ ಬರೆದವನ ಪತ್ರಿಕೆಯನ್ನು ಓದುವುದೇ ಒಮ್ಮೆ ನಿಷಿದ್ಧವಾಗಿತ್ತೆಂದು ಗೊತ್ತಿಲ್ಲ. ವ್ಯಾಖ್ಯಾನಕ್ಕೆ ಅಧಿಕಾರ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಇಲ್ಲದಿದ್ದರೆ ಸಾಲೊಂದನ್ನು ಕಿತ್ತು ಕೈಯಲ್ಲಿ ಹಿಡಿದವನೆಲ್ಲ ಪ್ರವಾದಿಯಾಗುತ್ತಾನೆ. ಅಂಥವರನ್ನು ನಾವು ದಿನವೂ ನೋಡುತ್ತಿದ್ದೇವೆ, ಒಂದೇ ಮತದಲ್ಲಿ ಅಲ್ಲ. ಆದರೆ ಅಧಿಕಾರಕ್ಕೆ ಕಿವಿಯಿರಬೇಕು. ದುಬುವಾ ಅವರಿಗೆ ಕಿವಿಯಿತ್ತು, ಕೇಳಿಸಿಕೊಂಡದ್ದನ್ನು ನಂಬುವ ಧೈರ್ಯವಿರಲಿಲ್ಲ. ಜಲೆಸ್ಕಿ ಅವರು ಕೇಳಿಸಿಕೊಳ್ಳಲೇ ಇಲ್ಲವೆಂದು ನನಗನ್ನಿಸುತ್ತದೆ.

ದೊಡ್ಡ ತಿರುವು ಬಂದದ್ದು ನಮ್ಮ ಕಾಲದಲ್ಲಿ. 1943ರಲ್ಲಿ 12ನೆಯ ಪಿಯೂಸ್ ಪೋಪರು ಮೂಲಭಾಷೆಗಳಿಂದ ಅಧ್ಯಯನಕ್ಕೆ ಉತ್ತೇಜನ ಕೊಟ್ಟರು. 1965ರ ನವೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ತೆರೆದಿರಬೇಕೆಂದಿತು. ಅಧಿಕೃತ ವ್ಯಾಖ್ಯಾನದ ಹೊಣೆ ಧರ್ಮಸಭೆಯ ಬೋಧಕಪೀಠದ್ದೇ ಎಂಬ ಮಾತನ್ನು ಅದು ಬಿಡಲಿಲ್ಲ. ಆದರೆ ಆ ಪೀಠ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕ ಎಂದೂ ಸೇರಿಸಿತು. ಈಗ ಪೂಜೆ ಕನ್ನಡದಲ್ಲಿದೆ, ಮನೆಯಲ್ಲಿ ಬೈಬಲ್ ಇದೆ. ನಮ್ಮ ಅನುವಾದ ಮತ್ತು ಪ್ರಾಟೆಸ್ಟಂಟರ ಹಳೆಯ ಅನುವಾದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ನನ್ನ ಅಭ್ಯಾಸ. ಅವರದು ಸುವಾರ್ತೆ, ನಮ್ಮದು ಶುಭಸಂದೇಶ. ಅವರ ಯೋಹಾನ ನಮ್ಮಲ್ಲಿ ಯೊವಾನ್ನ. ಅವರು ಯೆಹೋವ ಎಂದಲ್ಲಿ ನಾವು ಸರ್ವೇಶ್ವರ ಎನ್ನುತ್ತೇವೆ. ಸರ್ವೇಶ್ವರ ಎಂಬ ಪದದಲ್ಲಿ ಯೆಹೂದ್ಯರ ಮರುಭೂಮಿ ಕಾಣುವುದಿಲ್ಲ, ನಮ್ಮ ಊರ ಗುಡಿಯ ಗಂಟೆ ಕೇಳುತ್ತದೆ. ಇದು ಲಾಭವೋ ನಷ್ಟವೋ ಎಂದು ಎರಡು ಕಡೆಯ ವಿದ್ವಾಂಸರು ವಾದಿಸಬಹುದು. ಜಪಸರ ಹಿಡಿದು ಕೂತ ಹೆಂಗಸರು ಆ ಪದವನ್ನು ತಮ್ಮದೆಂದು ಎಂದೋ ಸ್ವೀಕರಿಸಿಬಿಟ್ಟಿದ್ದಾರೆ.

ಇನ್ನು ಮಿತ್ರರ ಪ್ರಶ್ನೆಗೆ ನೇರ ಉತ್ತರ. ನಾನು ಬೈಬಲನ್ನು ನಾನಾಗಿಯೇ ಓದುತ್ತೇನೆ. ಗುರುಗಳ ಅರ್ಥವನ್ನು ಕೇಳುತ್ತೇನೆ. ಎರಡೂ ಹೊಂದದಿದ್ದಾಗ ಗುರುಗಳನ್ನು ಮನೆಗೆ ಕಾಫಿಗೆ ಕರೆಯುತ್ತೇನೆ. ಕೆಲವು ಸಲ ಅವರು ಒಪ್ಪುತ್ತಾರೆ, ಕೆಲವು ಸಲ ನಾನು ಒಪ್ಪುತ್ತೇನೆ, ಒಮ್ಮೊಮ್ಮೆ ಕಾಫಿ ಮಾತ್ರ ಮುಗಿಯುತ್ತದೆ. ನಮ್ಮಪ್ಪನಿಗೆ ಇಷ್ಟೂ ಸಾಧ್ಯವಿರಲಿಲ್ಲ.

ಕೊನೆಗೆ ಸಮಿತಿಗೆ ಒಂದು ಸಲಹೆ. ವರ್ಷಕ್ಕೊಮ್ಮೆ ನಾವು ವನಭೋಜನಕ್ಕೆ ಹೋಗುತ್ತೇವೆ. ಈ ಚಳಿಗಾಲದಲ್ಲಿ ಹೌರಾದಿಂದ ಲೋಕಲ್ ಹಿಡಿದು ಶ್ರೀರಾಂಪುರಕ್ಕೆ ಹೋಗೋಣ. ನದಿಯ ದಂಡೆಯಲ್ಲಿ ಕೇರಿಯವರ ಕಾಲೇಜಿದೆ, ಅವರ ಹೆಸರಿನ ಗ್ರಂಥಾಲಯವಿದೆ. ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯುವ ಕೆಲಸ ನನಗಿರಲಿ. ಬುತ್ತಿಯೊಂದಿಗೆ ನನ್ನ ಎರಡು ಕನ್ನಡ ಬೈಬಲುಗಳನ್ನೂ ತರುತ್ತೇನೆ. ಊಟವಾದ ಮೇಲೆ ನದಿಯ ಕಡೆಗೆ ಮುಖಮಾಡಿ ಕೂತು ಯೋಹಾನನ ಆ ಮೂರನೆಯ ವಾಕ್ಯವನ್ನು ಎರಡರಲ್ಲಿಯೂ ಓದೋಣ. ಬರುವವರು ಕಾರ್ಯದರ್ಶಿಗಳ ಬಳಿ ಹೆಸರು ಕೊಡಿ.